ದೆವ್ವದ ಜಪಾನಿ

ಹನಕೆರೆಯ ಚಲುವರಾಜುವಿಗೆ ಜಪಾನಿ ಭಾಷೆ ಕಲಿಸಿದ್ದು ಒಂದು ಹೆಣ್ಣು ದೆವ್ವ. ಅವನು ಮೊದಲು ಹೋದದ್ದು ಮನುಷ್ಯರ ಹತ್ತಿರವೇ. ಅದು ಕೈಗೂಡಲಿಲ್ಲ.

ಮದ್ದೂರಿನ ಆಚೆ, ಹೆದ್ದಾರಿಯ ಪಕ್ಕದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನು ಸ್ಟೋರ್ಸ್ ಕ್ಲರ್ಕು. ಆ ಕಾರ್ಖಾನೆಯನ್ನು ಜಪಾನಿನವರು ಕೊಂಡರು. ಕೊಂಡ ಮೇಲೆ, ಅಷ್ಟಿಷ್ಟು ಜಪಾನಿ ಬಂದವರನ್ನು ತರಬೇತಿಗೆಂದು ವಿಮಾನ ಹತ್ತಿಸಿ ಅಲ್ಲಿಗೇ ಕಳಿಸುತ್ತಾರಂತೆ ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಹಬ್ಬಿತು. ಚಲುವರಾಜು ಅಂದೇ ಸಂಜೆ ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಹೆಂಡತಿ ವೀಣಳಿಗೆ, "ನಾನಿಲ್ದಾಗ ಗ್ಯಾಸ್ ಬುಕ್ ಮಾಡೋದು ಯಂಗೆ ಅಂತ ಈಗ್ಲೇ ಕಲ್ತ್ಕೊ" ಎಂದ. ಆಗಿನ್ನೂ ಅವನಿಗೆ ಜಪಾನಿಯ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಫೋನಿನಲ್ಲಿ ಪಾಠ ಹೇಳುವ ಶೋಭಿತಾ ಮೇಡಂ ಎಂಬವರ ತರಗತಿಗೆ ಸೇರಿದ. ಅಲ್ಲಿದ್ದವರೆಲ್ಲ ಕಾಲೇಜು ಹುಡುಗ ಹುಡುಗಿಯರು. ಅವರು ಅಕ್ಷರಗಳನ್ನು ಕಡಲೆಪುರಿಯಂತೆ ಬಾಯಿಗೆ ಹಾಕಿಕೊಂಡು ಮುಂದೆ ಹೋದರು. ಚಲುವರಾಜು ಮೊದಲ ಸಾಲಿನ ಅಕ್ಷರಗಳ ಮೇಲೆಯೇ ತಲೆಯಿಟ್ಟು ನಿದ್ದೆ ಹೋದ. ಅವನ ಗೊರಕೆ ಇಡೀ ತರಗತಿಗೆ ಕೇಳಿಸಿದ ಮೇಲೆ ಮೇಡಂ ಒಂದು ಉಪಾಯ ಹೇಳಿಕೊಟ್ಟರು.

"ಸರ್, ನಿಮಗೆ ಪುಸ್ತಕ ಒಗ್ಗೋದಿಲ್ಲ. ಜಪಾನಿಯಲ್ಲೇ ಇರೋ ವಿಡಿಯೊ ಗೇಮ್ ಆಡಿ. ಆದ್ರೆ ಯಾವುದನ್ನ ಆರಿಸ್ಕೋತೀರಿ ಅನ್ನೋದು ಮುಖ್ಯ. ಸುಲಭದ ಅಕ್ಷರ ಇರಬೇಕು, ದಿನಬಳಕೆ ಮಾತಿರಬೇಕು, ನೀವು ಬಟನ್ ಒತ್ತೋ ತನಕ ಸಾಲು ಪರದೆ ಮೇಲೇ ನಿಂತಿರಬೇಕು."

ಚಲುವರಾಜು ಟೀವಿಗೆ ಸಿಕ್ಕಿಸಿ ಆಡುವ ಒಂದು ಯಂತ್ರವನ್ನು ಮೈಸೂರಿನಿಂದ ತಂದ. ವೀಣಳ ಧಾರಾವಾಹಿ ಅಂದಿಗೆ ನಿಂತಿತು.

ಮೊದಲು ಆರಿಸಿದ್ದು ಹೊಡೆದಾಟದ ಆಟ. ಅದರಲ್ಲಿ ಮಾತೇನೋ ಇತ್ತು, ಆದರೆ ಅದೆಲ್ಲ ಒದೆ ಬಿದ್ದವನು ಆಡುವ ಮಾತು. ಎಷ್ಟು ಕಲಿತರೂ ಅದು ಕಿರುಚುವುದರಿಂದ ಮೇಲಕ್ಕೇರಲಿಲ್ಲ. ಎರಡನೆಯದು ರಾಜ, ಮಂತ್ರಿ, ಬೆಂಕಿಯುಗುಳುವ ಸರ್ಪ ಇರುವಂಥದ್ದು. ಅಲ್ಲಿ ಒಂದೊಂದು ಅಕ್ಷರವೂ ಕಬ್ಬಿನ ಗಾಡಿ ಮಗುಚಿ ಬಿದ್ದಂತೆ ಕಾಣುತ್ತಿತ್ತು. ಜಲ್ಲೆ ಯಾವುದು, ಗಾಲಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಮೂರನೆಯದು ಬೇಸಾಯದ ಆಟ. ಇದು ತನಗೆ ಒಗ್ಗಬಹುದೆಂದು ಚಲುವರಾಜು ನಂಬಿದ. ಆದರೆ ಬಿತ್ತಿದ ನಾಲ್ಕು ದಿನಕ್ಕೆ ಮೂಲಂಗಿ ಕೀಳಲು ಬಂದದ್ದನ್ನು ನೋಡಿ ಅವನ ಮನಸ್ಸಿಗೆ ನೋವಾಯಿತು. ಗೊಬ್ಬರ ಹಾಕದೆ, ನೀರಿನ ಸರದಿಗೆ ಜಗಳವಾಡದೆ ಬೆಳೆ ಬರುವ ಊರಿನ ಭಾಷೆ ಕಲಿತು ಏನು ಪ್ರಯೋಜನ? ವೀಣ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ ಕೇಳಿಸುವಂತೆ ಹೇಳಿದಳು:

"ನಮ್ ಗದ್ದೆ ಬೀಳು ಬಿದ್ದದೆ. ಇವ್ರು ಟೀವಿ ವಳಗೆ ಉಳ್ತಾ ಕುಂತವ್ರೆ."

ನಾಲ್ಕನೆಯದು ಅವನು ಆರಿಸಿದ್ದಲ್ಲ, ಬೆರಳು ತಪ್ಪಿ ತೆರೆದದ್ದು. ಒಂದು ಖಾಲಿ ಮರದ ಮನೆ. ಉದ್ದನೆಯ ಮೊಗಸಾಲೆ. ಅದರ ಕೊನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತ ಒಬ್ಬ ಹೆಂಗಸು. ಕತ್ತಿಯಿಲ್ಲ, ಕೋವಿಯಿಲ್ಲ, ಸಂಗೀತವೂ ಇಲ್ಲ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಹತ್ತಿರ ಹೋದರೆ ಅವಳು ಒಂದೇ ಒಂದು ಪುಟ್ಟ ಮಾತು ಆಡುತ್ತಿದ್ದಳು. ಸುಲಭದ ಅಕ್ಷರಗಳಲ್ಲಿ ಆ ಮಾತು ಪರದೆಯ ಮೇಲೆ ಬಂದು, ಬಟನ್ ಒತ್ತುವ ತನಕ ಅಲ್ಲೇ ನಿಂತಿರುತ್ತಿತ್ತು. ಒತ್ತಿದರೆ ಅವಳು ಅದನ್ನೇ ಇನ್ನೊಮ್ಮೆ, ಇನ್ನೂ ನಿಧಾನವಾಗಿ ಹೇಳುತ್ತಿದ್ದಳು.

ಚಲುವರಾಜುವಿಗೆ ಜ್ಞಾನೋದಯವಾಯಿತು. ಹೊಸದಾಗಿ ಭಾಷೆ ಕಲಿಯುವವನಿಗೆ ದೆವ್ವಕ್ಕಿಂತ ಒಳ್ಳೆಯ ಗುರುವಿಲ್ಲ. ದೆವ್ವಕ್ಕೆ ಎಲ್ಲಿಗೂ ಹೋಗುವ ಅವಸರವಿಲ್ಲ. ಉದ್ದುದ್ದ ಮಾತಾಡುವುದಿಲ್ಲ, ಹೇಳಿದ್ದನ್ನೇ ಹೇಳುತ್ತದೆ, ಅರ್ಥವಾಗದಿದ್ದರೆ ಬೈಯುವುದಿಲ್ಲ. ಶೋಭಿತಾ ಮೇಡಂ ಹೇಳಿದ ಲಕ್ಷಣಗಳೆಲ್ಲ ಈ ಒಂದು ಹೆಂಗಸಿನಲ್ಲಿ ಸೇರಿದ್ದವು.

ಅವನು ಅವಳ ಶಿಷ್ಯನಾದ. 'ದಾರೆ', ಅಂದರೆ ಯಾರು. 'ಉಶಿರೊ ನಿ', ಅಂದರೆ ಹಿಂದೆ. ಇನ್ನು 'ಇರು' ಎಂದರೆ ಇರುವುದು ಎಂದು ತಿಳಿದಾಗ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. "ಲೇ ವೀಣಾ, ಇದು ನಮ್ಮ 'ಇರು' ಕಣೆ! ನಮ್ಮಿಂದ್ಲೇ ಓಗದೆ!" ಎಂದು ಕೂಗಿದ. ಮಾತಿನ ಜೊತೆಗೆ ಅದರ ಧಾಟಿಯನ್ನೂ ಕಲಿತ. ಕತ್ತು ವಾಲಿಸುವುದು, ಉಸಿರು ಬೆರೆಸಿ ಹೇಳುವುದು, ಎರಡು ಪದಗಳ ನಡುವೆ ಕೇಳುವವನ ಎದೆ ನಿಲ್ಲುವಷ್ಟು ಹೊತ್ತು ಬಿಡುವುದು. ಜಪಾನಿ ಆಡುವ ಕ್ರಮವೇ ಹೀಗೆ ಎಂದು ಅವನು ಭಾವಿಸಿದ್ದ.

ವೀಣ ಒಂದು ದಿನ ಅಕ್ಕಿ ಆರಿಸುತ್ತ ಕುಳಿತಿದ್ದವಳು ಮೊರ ಎತ್ತಿಕೊಂಡು ಎದ್ದಳು. "ರೀ, ಆಯಮ್ಮ ಯಾಕೆ ನನ್ನೇ ನೋಡ್ತಾಳೆ?"

"ನಿನ್ನ ಯಾಕೆ ನೋಡ್ತಾಳೆ? ಅವಳ ಮುಖ ಗೋಡೆ ಕಡೆ ಅದಲ್ಲ."

"ಅದೇ ನಾನೂ ಕೇಳ್ತಿರೋದು" ಎಂದು ವೀಣ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಲಿತದ್ದನ್ನು ತೋರಿಸುವ ದಿನ ಬೇಗ ಬಂತು. ಕಾರ್ಖಾನೆಗೆ ಬಂದಿದ್ದ ಮೊರಿಮೊತೊ ಎಂಬ ಜಪಾನಿ ಎಂಜಿನಿಯರು ಒಂದು ಮಧ್ಯಾಹ್ನ ಬೇರಿಂಗ್ ಡಬ್ಬ ಹುಡುಕಿಕೊಂಡು ತಾವೇ ಸ್ಟೋರ್ಸಿಗೆ ಬಂದರು. ಎತ್ತರದ ಕಬ್ಬಿಣದ ಅಟ್ಟಣೆಗಳ ಸಂದಿಯಲ್ಲಿ ನಿಂತು, ಕೈಯಲ್ಲಿ ಡಬ್ಬದ ಆಕಾರ ತೋರಿಸಿ, ಎಲ್ಲಿದೆ ಎಂಬರ್ಥದ ಏನನ್ನೋ ಕೇಳಿದರು. ಡಬ್ಬ ಅವರ ಬೆನ್ನ ಹಿಂದೆಯೇ ಇತ್ತು. ಚಲುವರಾಜುವಿಗೆ ರೋಮಾಂಚನವಾಯಿತು. ಆಡಬೇಕಾದ ಮಾತಿನ ಎರಡು ಪದವೂ ಅವನಿಗೆ ಗೊತ್ತು! ಕತ್ತು ವಾಲಿಸಿದ. ಕಣ್ಣನ್ನು ಅವರ ಭುಜದ ಆಚೆಗೆ ನೆಟ್ಟ. ಉಸಿರೆಳೆದುಕೊಂಡು, "ಉಶಿರೊ ನಿ..." ಎಂದ. ಸರಿಯಾಗಿ ಆಗಲೇ ಕರೆಂಟು ಹೋಯಿತು. ಕತ್ತಲಲ್ಲಿ ಅವನು ಪಾಠ ಪೂರ್ತಿ ಮಾಡಿದ: "...ಇರು."

ಜನರೇಟರ್ ಶುರುವಾಗಿ ದೀಪ ಬಂದಾಗ ಮೊರಿಮೊತೊ ಅಲ್ಲಿರಲಿಲ್ಲ. ಅವರ ಒಂದು ಕಾಲಿನ ಬೂಟು ಇತ್ತು. ಕ್ಯಾಂಟೀನಿನಲ್ಲಿ ಕೂರಿಸಿ ಸಕ್ಕರೆ ನೀರು ಕುಡಿಸಬೇಕಾಯಿತಂತೆ.

"ಸರ್, ನಿರ್ಜೀವ ವಸ್ತು ಇದ್ರೆ ಅದು 'ಅರು'" ಎಂದು ಶೋಭಿತಾ ಮೇಡಂ ಫೋನಿನಲ್ಲಿ ತಾಳ್ಮೆಯಿಂದ ವಿವರಿಸಿದರು. "ಜೀವ ಇರೋರು ಇದ್ರೆ ಮಾತ್ರ 'ಇರು'. ನೀವು ಅವರಿಗೆ ಹೇಳಿದ್ದು, ನಿಮ್ಮ ಹಿಂದೆ ಯಾರೋ ನಿಂತಿದ್ದಾರೆ ಅಂತ."

ತರಬೇತಿಯ ಮಾತು ಅಲ್ಲಿಗೆ ನಿಂತಿತು. ಕೀರ್ತಿ ನಿಲ್ಲಲಿಲ್ಲ. ಜಪಾನಿನವನೇ ಬೂಟು ಬಿಟ್ಟು ಓಡುವಂಥ ಜಪಾನಿ ಚಲುವರಾಜುವಿಗೆ ಬರುತ್ತದೆ ಎಂದು ಕಾರ್ಖಾನೆಯ ಬಸ್ಸಿನಲ್ಲಿ ಹುಟ್ಟಿದ ಸುದ್ದಿ ಮದ್ದೂರು ದಾಟಿ ಮಳವಳ್ಳಿ ಮುಟ್ಟಿತು. ಒಂದು ಬೀಗರೂಟದಲ್ಲಿ ಷಡ್ಡಕ ಸಿದ್ದರಾಜು, "ಅಣ್ಣ, ನಿಜವಾ?" ಎಂದು ಕೇಳಿದಾಗ ಚಲುವರಾಜು ಮೂಳೆ ಕೆಳಗಿಟ್ಟು, "ಮಾತು ಪೂರ್ತಿ ಬತ್ತದೆ. ಬರೆಯೋದು ಒಸಿ ಬಾಕಿ ಅದೆ" ಎಂದುಬಿಟ್ಟ.

ಅದಾಗಿ ಸ್ವಲ್ಪ ದಿನಕ್ಕೆ ಬೆಳಕವಾಡಿಯಿಂದ ಸಿದ್ದರಾಜುವಿನ ಫೋನು ಬಂತು. ಅವನ ತಾಯಿ ಮಂಚಮ್ಮ ಕನ್ನಡ ಬಿಟ್ಟು ಬೇರೇನೋ ಮಾತಾಡುತ್ತಿದ್ದಾಳಂತೆ. ಮಳವಳ್ಳಿಯ ಡಾಕ್ಟರು ತಲೆಯ ಫೋಟೊ ತೆಗೆಸಿ ಏನೂ ಇಲ್ಲ ಎಂದರಂತೆ.

"ಮೈಮೇಲೆ ಯಾವ್ದೋ ಬಂದದೆ ಅಂತಾರೆ ಅಣ್ಣ. ಸೋಮವಾರ ಹೊಳೆ ಆಚೆಯಿಂದ ಮಂತ್ರವಾದಿ ಬತ್ತಾವ್ನೆ, ಮೆಣಸಿನಕಾಯಿ ಹೊಗೆ ಹಾಕಿ ಬುಡಿಸ್ತಾನಂತೆ. ಅದಕ್ಕೂ ಮೊದ್ಲು ನೀನು ಬಂದು ಒಂದ್ಸಲ ಕೇಳಿಬುಡು. ಮೇಷ್ಟ್ರು ಇದು ಜಪಾನಿನೇ ಅಂತವ್ರೆ."

ಬರಲಾಗದು ಎನ್ನಲು ಚಲುವರಾಜು ನೆಪ ಹುಡುಕಿದ. ಆದರೆ ಬೀಗರೂಟದಲ್ಲಿ ಆಡಿದ ಮಾತನ್ನು ಹಿಂದಕ್ಕೆ ನುಂಗುವ ವಿದ್ಯೆಯನ್ನು ದೆವ್ವ ಅವನಿಗೆ ಕಲಿಸಿರಲಿಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದ.

ಸಿದ್ದರಾಜುವಿನ ಮನೆ ಊರ ಕೊನೆಯಲ್ಲಿ, ಕಬ್ಬಿನ ಗದ್ದೆಗೆ ಬೆನ್ನು ಮಾಡಿಕೊಂಡಿತ್ತು. ಗಾಳಿಯಿಲ್ಲದಿದ್ದರೂ ಕಬ್ಬಿನ ಗರಿ ಸರಸರ ಎನ್ನುತ್ತಿತ್ತು. ನಡುಮನೆಯಲ್ಲಿ ಜನ ಪಂಚಾಯಿತಿಗೆ ಕೂತಂತೆ ಕೂತಿದ್ದರು, ಆದರೆ ಒಬ್ಬರೂ ಮಾತಾಡುತ್ತಿರಲಿಲ್ಲ. ಸಿದ್ದರಾಜುವಿನ ಹೆಂಡತಿ ನಾಗಶ್ರೀ ಎಲ್ಲರಿಗೂ ಟೀ ಕೊಡುತ್ತಿದ್ದಳು, ಲೋಟ ಕೆಳಗಿಡುವ ಸದ್ದೂ ಆಗದಂತೆ. ಮಂಚದ ಮೇಲೆ ಮಂಚಮ್ಮ ನೆಟ್ಟಗೆ ಕೂತಿದ್ದಳು. ಅವಳ ಕಣ್ಣು ಹಿತ್ತಲ ಕಡೆಯ ಕೋಣೆಯ ಮುಚ್ಚಿದ ಬಾಗಿಲ ಮೇಲಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ.

"ಗೋಸ ಮರಿಕೊ" ಎಂದಳು ಮಂಚಮ್ಮ, ಗಂಟಲ ಆಳದಿಂದ. "ತಿಸ್ಸಾಲೆ ಗೋಸ."

ಕೂತಿದ್ದವರೆಲ್ಲ ಒಟ್ಟಿಗೆ ಕಾಲು ಒಳಗೆಳೆದುಕೊಂಡರು.

ನಿವೃತ್ತ ಮೇಷ್ಟ್ರು ಪಾರ್ಥಸಾರಥಿಗಳು ಕನ್ನಡಕ ಸರಿಪಡಿಸಿಕೊಂಡರು. "ಸಂಸ್ಕೃತ ಅಲ್ಲ, ಅದನ್ನ ನಾನು ಬಲ್ಲೆ. ತಮಿಳು ತೆಲುಗು ಅಲ್ಲ. ಹಿಂದಿ ಅಂತೂ ಅಲ್ಲವೇ ಅಲ್ಲ. ಇಂಗ್ಲಿಷ್ ಆಗಿದ್ರೆ ನನಗೆ ಅರ್ಧವಾದರೂ ತಿಳೀತಿತ್ತು. ಇನ್ನು ಉಳಿದದ್ದು ಯಾವುದು ಹೇಳಿ? ಜಪಾನಿ."

ಈ ತರ್ಕಕ್ಕೆ ಎದುರಾಡುವವರು ಬೆಳಕವಾಡಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಚಲುವರಾಜುವಿನ ಕಡೆ ತಿರುಗಿದರು. ಅವನಿಗೆ ಮುದುಕಿ ಆಡಿದ್ದರಲ್ಲಿ ಒಂದು ಪದವೂ ತಿಳಿದಿರಲಿಲ್ಲ. ಆದರೆ ಮೂಲೆಯಲ್ಲಿ ಒಂದು ಮೊರದ ತುಂಬ ಒಣಮೆಣಸಿನಕಾಯಿ ಆಗಲೇ ಸಿದ್ಧವಾಗಿತ್ತು. ಜಪಾನಿ ಅಲ್ಲ ಎಂದರೆ ನಾಳೆ ಅದರ ಹೊಗೆ ಆ ಮುದುಕಿಯ ಮೂಗಿಗೆ ಹೋಗುತ್ತದೆ. ಅವನು ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತು, ಕತ್ತು ವಾಲಿಸಿ, ಉಸಿರು ಬೆರೆಸಿ ಕೇಳಿದ:

"ದಾ...ರೆ?"

ಮಂಚಮ್ಮ ಮೊದಲ ಸಲ ಬಾಗಿಲಿನಿಂದ ಕಣ್ಣು ಕಿತ್ತು ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳೂ ಕತ್ತು ವಾಲಿಸಿ, "ದಾರೇ ಗೋಸ ಮುಂಜಿಕೊ?" ಎಂದಳು.

"ಕೇಳ್ತು! ಉತ್ತರ ಕೊಡ್ತು!" ಎಂದು ನಾಗಶ್ರೀ ಟೀ ತಟ್ಟೆ ಕೈಬಿಟ್ಟಳು. ಮೇಷ್ಟ್ರು ಮೊಣಕೈಯ ಮೇಲೆ ನಿಗುರಿ ನಿಂತ ಕೂದಲನ್ನು ಪಕ್ಕದವನಿಗೆ ತೋರಿಸಿ, "ನೋಡಿ, ಶುದ್ಧ ಉಚ್ಚಾರಣೆ" ಎಂದರು.

ಚಲುವರಾಜು ಗೊತ್ತಿದ್ದ ಇನ್ನೊಂದು ಪದ ಒಗೆದ. ಮುದುಕಿ ಎರಡು ಒಗೆದಳು. ಸಂಭಾಷಣೆ ಏರುತ್ತ ಹೋಯಿತು. ಕೊನೆಗೆ ಮಂಚಮ್ಮ ಕೈ ಎತ್ತಿ ಎಲ್ಲರನ್ನೂ ಹೊರಗೆ ಹೋಗುವಂತೆ ತೋರಿಸಿದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ಜಗಲಿ ಸೇರಿದರು. ಬಾಗಿಲು ಮುಚ್ಚಿತು. ನಡುಮನೆ ಅರೆಗತ್ತಲಾಯಿತು. ಮುದುಕಿ ಮುಂದಕ್ಕೆ ಬಾಗಿದಳು. ಅವಳ ತಣ್ಣನೆಯ ಕೈ ಚಲುವರಾಜುವಿನ ಮಣಿಕಟ್ಟು ಹಿಡಿಯಿತು. ಅವನಿಗೆ ಕೂಗಿಕೊಳ್ಳಬೇಕೆನಿಸಿತು, ಯಾವ ಭಾಷೆಯಲ್ಲೆಂದು ತಿಳಿಯಲಿಲ್ಲ.

"ನಿಂಗೂ ಬರಕಿಲ್ಲ, ಅಲ್ವೇನಪ್ಪಾ?" ಎಂದಳು ಮಂಚಮ್ಮ, ಅಚ್ಚ ಕನ್ನಡದಲ್ಲಿ.

ಚಲುವರಾಜು ಉಸಿರುಬಿಟ್ಟ. "ಒಸಿ ಒಸಿ ಬತ್ತದೆ ಕಣವ್ವ."

"ನಂಗೆ ಅದೂ ಬರಕಿಲ್ಲ. ಬಾಯಿಗೆ ಬಂದಂಗೆ ಒದರ್ತೀನಿ."

"ಯಾಕವ್ವ ಇಂಗೆ?"

"ಮತ್ತಿನ್ನೇನ್ ಮಾಡ್ಲಿ? ಆ ಹಿತ್ತಲ ಕ್ವಾಣೇಲಿ ಯಾರೋ ಅವ್ರೆ ಅಂತ ಮಗನಿಗೆ ಏಳ್ದೆ. ವಯಸ್ಸಾಯ್ತು ಸುಮ್ಕಿರು ಅಂದ. ಸೊಸೆಗೆ ಏಳ್ದೆ. ಉಂಡು ಮನಿಕೊ ಅತ್ತೆ ಅಂದ್ಲು. ದಿನಾ ಏಳ್ದೆ. ಟೀವಿ ಸೌಂಡು ಜಾಸ್ತಿ ಮಾಡುದ್ರು. ಒಂದಿನ ರೇಗಿ, ಗೋಸ ಅಂದೆ ನೋಡು! ಮನೇವ್ರೆಲ್ಲಾ ಬಂದು ಮುಂದೆ ಕುಂತ್ಕೊಂಡ್ರು. ಆವತ್ತಿಂದ ಮೂರೊತ್ತೂ ಬಿಸಿ ಬಿಸಿ ಮುದ್ದೆ ಕೊಡ್ತಾವ್ರೆ." ಅವಳು ಮೂಲೆಯ ಮೊರದ ಕಡೆ ನೋಡಿದಳು. "ಹೊಗೆ ಹಾಕ್ತಾರೆ ಅಂತ ಗೊತ್ತಿರ್ನಿಲ್ಲ ಕಣಪ್ಪ. ಈಗ ಕನ್ನಡ ಆಡುದ್ರೆ ದೆವ್ವನೇ ಕನ್ನಡ ಕಲ್ತ್ಕೊಂಡದೆ ಅಂತಾರೆ. ನೀನೇ ಏನಾರ ಮಾಡು."

ಚಲುವರಾಜು ಬಾಗಿಲು ತೆರೆದು ಜಗಲಿಗೆ ಬಂದ. ಇಷ್ಟು ಜನ ಅವನ ಬಾಯನ್ನು ಇಷ್ಟು ಭಕ್ತಿಯಿಂದ ನೋಡಿದ್ದು ಅವನ ಮದುವೆಯಲ್ಲೂ ಇಲ್ಲ.

"ಜಪಾನಿನೇ" ಎಂದ. "ಸ್ವಲ್ಪ ಹಳೇ ಕಾಲದ್ದು. ಹಿತ್ತಲ ಕೋಣೇಲಿ ಯಾರೋ ಅವ್ರಂತೆ. ಅದನ್ನ ನೋಡಿ ಆಚೆ ಕಳಿಸಿದ್ರೆ ಅವ್ವ ಮೊದಲಿನಂಗೆ ಆಯ್ತಾಳೆ. ಹೊಗೆಗಿಗೆ ಏನೂ ಬ್ಯಾಡ."

ನಾಗಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಬಾವ! ಇಷ್ಟು ದೊಡ್ಡ ವಿಷ್ಯನ ಮೊದ್ಲೇ ಯಾರೂ ಏಳ್ಬಾರ್ದಿತ್ತಾ?"

ಒಳಗೆ ಮಂಚಮ್ಮ ಕೆಮ್ಮಿದಳು.

ಸಿದ್ದರಾಜು ಕುಡುಗೋಲು ಹಿಡಿದು ಮುಂದೆ ನಡೆದ. ಹಿಂದೆ ಅರ್ಧ ಊರು. ಎಲ್ಲರ ಹಿಂದೆ ದುಭಾಷಿ. ಆ ಕೋಣೆಯಲ್ಲಿ ಹಳೇ ಒನಕೆ, ಹರಿದ ಚಾಪೆ, ಒಣಹುಲ್ಲು ಬಿಟ್ಟರೆ ಬೇರೇನೂ ಇಡುತ್ತಿರಲಿಲ್ಲ. ತಿಂಗಳಿಂದ ಅದರ ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಸಿದ್ದರಾಜು ಚಿಲಕ ಸರಿಸಿದ. ಬಾಗಿಲು ಉದ್ದಕ್ಕೆ ನರಳಿತು. ಒಳಗಿನ ಕತ್ತಲಲ್ಲಿ ಮೊದಲು ವಾಸನೆ ಬಂತು. ಆಮೇಲೆ, ಹುಲ್ಲಿನ ಮೇಲೆ, ಹಸಿರು ಮಿಂಚುವ ಎರಡು ಕಣ್ಣು.

ಅದು ಗುರ್ ಎಂದ ಭಾಷೆಗೆ ಅನುವಾದ ಬೇಕಾಗಲಿಲ್ಲ.

ಸಿದ್ದರಾಜು ಬಾಗಿಲನ್ನು ಎಳೆದು ಹಾಕಿದ್ದೊಂದು ಪುಣ್ಯ. ಮರುಗಳಿಗೆಯಲ್ಲಿ ಕೋಣೆಯ ಮುಂದೆ ಒಬ್ಬರೂ ಇರಲಿಲ್ಲ. ಮೇಷ್ಟ್ರು ಪಕ್ಕದ ಮನೆಯ ಟ್ರ್ಯಾಕ್ಟರಿನ ಮೇಲೆ ಕಾಣಿಸಿಕೊಂಡರು. ಹತ್ತಿದ್ದು ಹೇಗೆಂದು ಅವರಿಗೂ ತಿಳಿಯದು. ಚಲುವರಾಜು ರಾಗಿ ಕಣಜದ ಹಿಂದೆ ಕೂತು, ತನ್ನ ಜಪಾನಿಗೆ ಇಷ್ಟು ಶಕ್ತಿಯಿದೆಯೆಂದು ತಿಳಿದು ನಡುಗುತ್ತಿದ್ದ.

ಅರಣ್ಯ ಇಲಾಖೆಯವರು ಬೋನು, ಬಲೆ, ಅರಿವಳಿಕೆ ಮದ್ದಿನ ಬಂದೂಕು ತೆಗೆದುಕೊಂಡು ಬಂದರು. ಹೆಂಚು ಸರಿಸಿ, ಗುರಿಯಿಟ್ಟು, ಮಲಗಿಸಿ, ಚಿರತೆಯನ್ನು ಕಂಬಳಿಯಲ್ಲಿ ಸುತ್ತಿ ಹೊರಗೆ ತಂದಾಗ ಬಿಸಿಲು ಇಳಿಯುತ್ತಿತ್ತು. ಅಧಿಕಾರಿ ಬೆವರು ಒರೆಸಿಕೊಂಡು ಕೇಳಿದರು:

"ಒಳಗಿದೆ ಅಂತ ಮೊದಲು ಹೇಳಿದ್ದು ಯಾರು?"

"ನಮ್ಮವ್ವ" ಎಂದ ಸಿದ್ದರಾಜು. "ಜಪಾನಿಯಲ್ಲಿ."

ಅಧಿಕಾರಿ ಮುದುಕಿಯನ್ನು ನೋಡಿದರು, ಚಲುವರಾಜುವನ್ನು ನೋಡಿದರು, ಚಿರತೆಯನ್ನು ನೋಡಿದರು. ಮೂವರಲ್ಲಿ ಚಿರತೆಯೇ ನಂಬಿಕಸ್ಥ ಎನ್ನಿಸಿರಬೇಕು. "ರಾತ್ರಿಯಷ್ಟೇ ಹಿಂದಿನ ಕಿಟಕಿಯಿಂದ ನುಗ್ಗಿರೋದು. ಗೀರಿದ ಗುರುತು ಇನ್ನೂ ಹಸಿಯಾಗಿದೆ. ಕಿಟಕಿಗೆ ಹಲಗೆ ಹೊಡೆಸಿ" ಎಂದು ಜೀಪು ಹತ್ತಿದರು.

ಮಂತ್ರವಾದಿಗೆ ಬರುವುದು ಬೇಡವೆಂದು ಫೋನು ಹೋಯಿತು. ಮಂಚಮ್ಮ ಎಲ್ಲರ ಮುಂದೆ, "ಬಾಯಾರ್ತದೆ ಕಣ್ರೊ, ಒಂದ್ ಲೋಟ ನೀರು ಕೊಡಿ" ಎಂದಳು. ಕನ್ನಡ ಬಂತು, ಅವ್ವನಿಗೆ ಕನ್ನಡ ಬಂತು ಎಂದು ಎಲ್ಲರೂ ಕುಣಿದಾಡಿದರು. ನೀರು ಯಾರೂ ಕೊಡಲಿಲ್ಲ.

ಬೆಳಕವಾಡಿಯಲ್ಲಿ ಅವತ್ತು ಚಲುವರಾಜುವಿಗೆ ಸಿಕ್ಕ ಮರ್ಯಾದೆ ಯಾವ ಅಳಿಯನಿಗೂ ಸಿಕ್ಕಿರಲಾರದು. ಹಿತ್ತಲಲ್ಲಿ ನಾಟಿಕೋಳಿ ಕೂಗು ನಿಲ್ಲಿಸಿ ಒಲೆ ಸೇರಿತು. ಸಿದ್ದರಾಜು ಅವನ ಚೀಲ ಕಸಿದುಕೊಂಡ. "ಇವತ್ತು ಎಲ್ಲಿಗೂ ಓಗಂಗಿಲ್ಲ ಅಣ್ಣ."

"ಹಿತ್ತಲ ಕೋಣೆ ಗುಡಿಸಿ, ತೊಳೆದು, ಹೊಸ ಜಮಖಾನ ಹಾಸಿವ್ನಿ ಬಾವ" ಎಂದಳು ನಾಗಶ್ರೀ. "ಕಿಟಕೀಗೂ ಹಲಗೆ ಹೊಡ್ಸಾಯ್ತು. ಅಲ್ಲೇ ಮನಿಕೊಳ್ಳಿ, ತಂಪಾಗದೆ."

ಸಂತೋಷದಿಂದ ತಲೆಯಾಡಿಸಿದ ಚಲುವರಾಜು ತಾನೇ ಹೋಗಿ ಮಂಚಮ್ಮನಿಗೆ ನೀರು ತಂದುಕೊಟ್ಟ. ಮುದುಕಿ ಪೂರ್ತಿ ಕುಡಿದು ಲೋಟ ವಾಪಸು ಕೊಟ್ಟಳು. ಅವಳ ಕಣ್ಣು ಮತ್ತೆ ಆ ಬಾಗಿಲ ಮೇಲಿತ್ತು.

"ಪಾಪ, ಆ ಪ್ರಾಣಿ ಎಲ್ಲಿಂದ್ಲೋ ದಾರಿ ತಪ್ಪಿ ಬಂದಿತ್ತು" ಎಂದಳು. "ನಾನು ಏಳಿದ್ದು ಅದಲ್ಲ ಕಣಪ್ಪ."

ಚಲುವರಾಜು ಲೋಟ ಕೆಳಗಿಟ್ಟು ಹತ್ತಿರ ಸರಿದ. "ಮತ್ತೆ ಯಾರವ್ವ?"

"ಅಲ್ಲಿ ಕುಂತು ತಲೆ ಬಾಚ್ಕೊತಾಳಲ್ಲ, ಆಯಮ್ಮ. ಚಿರತೆ ಅದೆ ಅಂತ ಮೂಲೆಗೆ ಸರ್ಕೊಂಡಿದ್ಲು. ಈಗ ಮತ್ತೆ ನಡುವಿಗೆ ಬಂದವ್ಳೆ."

ಅವನು ಎದ್ದು ಜಗಲಿಗೆ ಬಂದ. ಗಂಟಲು ಸರಿಮಾಡಿಕೊಂಡು, "ಸಿದ್ದರಾಜು, ನಾನು ಬಸ್ಸಿಗೆ ಓಯ್ತೀನಿ ಕಣ್ಲಾ" ಎಂದ.

"ಸುಮ್ಕಿರಣ್ಣ, ಕೋಳಿ ಬೇಯ್ತಾ ಅದೆ."

"ಅದಲ್ಲ. ಆ ಕೋಣೇಲಿ ಇನ್ನೂ ಯಾರೋ ಅವ್ರಂತೆ."

"ಅಯ್ಯೋ ಬಾವ, ಇಡ್ಕೊಂಡು ಓದ್ರಲ್ಲ!" ಎಂದು ನಾಗಶ್ರೀ ನಕ್ಕು ಅವನ ಕೈಗೆ ಚಾರ್ಜರ್ ಕೊಟ್ಟಳು. "ಒಳಗೇ ಪ್ಲಗ್ಗದೆ."

ಅವನು ಮೇಷ್ಟ್ರ ತೋಳು ಹಿಡಿದು ಹೇಳಿದ. ಮೇಷ್ಟ್ರು ಬೆನ್ನು ತಟ್ಟಿ, "ದಣಿದಿದ್ದೀರಿ, ಊಟ ಮಾಡಿ ಮಲಗಿ" ಎಂದರು. ಜಗಲಿಯಲ್ಲಿದ್ದ ಇನ್ನಿಬ್ಬರಿಗೆ ಹೇಳಿದ. ಅವರು ಚಿರತೆಯ ಉಗುರಿನ ಉದ್ದದ ಬಗ್ಗೆ ವಾದಿಸುತ್ತಿದ್ದರು. ಸಿದ್ದರಾಜು ಆಗಲೇ ಅವನ ಚೀಲವನ್ನು ಆ ಕೋಣೆಯ ಹೊಸ್ತಿಲವರೆಗೆ ತಂದಿದ್ದ. ಹೊರಗೆ ಬೆಳಕು ಕಂದುತ್ತಿತ್ತು.

ಚಲುವರಾಜು ಜಗಲಿಯ ನಡುವೆ ನಿಂತ. ಕಣ್ಣು ಮೇಲೆ ಮಾಡಿದ. ಎರಡು ಕೈ ಗಾಳಿಗೆ ಚಾಚಿ, ತನಗೆ ಬರುತ್ತಿದ್ದ ಜಪಾನಿಯನ್ನೂ ಬಾರದ ಜಪಾನಿಯನ್ನೂ ಒಟ್ಟಿಗೆ ಸೇರಿಸಿ, ಎದೆ ಬಿರಿಯುವಂತೆ ಕೂಗತೊಡಗಿದ.

ವಾದಿಸುತ್ತಿದ್ದವರು ಬಾಯಿ ಮುಚ್ಚಿದರು. ನಾಗಶ್ರೀ ಒಲೆ ಬಿಟ್ಟು ಓಡಿಬಂದು ಅವನ ಮುಂದೆ ಕೂತಳು. ಚೀಲ ಕೆಳಗಿಟ್ಟು ಸಿದ್ದರಾಜುವೂ ಕೂತ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಕೈಕಟ್ಟಿ, ಕಿವಿಗೊಟ್ಟರು. ಮನೆಯಲ್ಲಿ ಒಂದು ಪಿಸುಮಾತೂ ಇರಲಿಲ್ಲ. ಹಿತ್ತಲ ಕೋಣೆಯೊಳಗಿನಿಂದ ಅಷ್ಟು ಹೊತ್ತೂ ಬರುತ್ತಿದ್ದ, ಯಾರೂ ಗಮನಿಸದಿದ್ದ ಏನೋ ಒಂದು ಸಣ್ಣ ಸದ್ದು ಕೂಡ, ಅವನು ಹೇಳುವುದನ್ನು ಕೇಳಲೆಂಬಂತೆ, ನಿಂತಿತು.